ಡಬ್ಬಿ ಮೇಲೆ ‘ಕಲೆಕ್ಟರ್ಸ್ ಎಡಿಷನ್’ ಅಂತಿದ್ರೆ ಸ್ವಲ್ಪ ತಡೀರಿ

2003ರ ಜನವರಿ 3. ನ್ಯೂಯಾರ್ಕ್‌ನಲ್ಲಿರುವ ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ನ್ಯಾಯಾಲಯ ಅವತ್ತು ಒಂದು ತೀರ್ಪು ಕೊಟ್ಟಿತು. ಕೋರ್ಟ್ ಮುಂದಿದ್ದ ಪ್ರಶ್ನೆ ಏನು ಗೊತ್ತಾ? ಎಕ್ಸ್-ಮೆನ್‌ಗಳು ಮನುಷ್ಯರೋ, ಅಲ್ಲವೋ?

ತಮಾಷೆ ಮಾಡ್ತಿಲ್ಲ. ಟಾಯ್ ಬಿಜ್ ಅನ್ನೋ ಕಂಪನಿ ಮಾರ್ವೆಲ್ ಕಾಮಿಕ್ಸ್‌ನ ಪಾತ್ರಗಳನ್ನು ಚೀನಾದಲ್ಲಿ ಪ್ಲಾಸ್ಟಿಕ್‌ನಲ್ಲಿ ಮಾಡಿಸಿ ಅಮೆರಿಕಕ್ಕೆ ತರಿಸುತ್ತಿತ್ತು. ಅಲ್ಲಿನ ಆಗಿನ ಸುಂಕದ ಕಾನೂನು ಹೀಗಿತ್ತು: ಮನುಷ್ಯನ ರೂಪದ್ದಾದರೆ ಅದು ‘ಗೊಂಬೆ’, ಸುಂಕ ಶೇ. 12. ಪ್ರಾಣಿ, ರಾಕ್ಷಸ, ಇನ್ಯಾವುದೋ ಜೀವಿ ಆದರೆ ಅದು ‘ಆಟಿಕೆ’, ಸುಂಕ ಶೇ. 6.8. ಕಸ್ಟಮ್ಸ್‌ನವರು ಗೊಂಬೆ ಅಂದರು. ಕಂಪನಿ, ಇಲ್ಲ ಸ್ವಾಮೀ, ಇವರ್ಯಾರೂ ಮನುಷ್ಯರೇ ಅಲ್ಲ ಅಂತ ಕೋರ್ಟಿಗೆ ಹೋಯಿತು. ನ್ಯಾಯಾಧೀಶೆ ಜೂಡಿತ್ ಬಾರ್ಜಿಲೇ ಒಂದೊಂದೇ ಫಿಗರ್ ತರಿಸಿಕೊಂಡು ನೋಡಿದರು. ಒಬ್ಬನ ಕೈಯಲ್ಲಿ ಉಗುರು, ಇನ್ನೊಬ್ಬನಿಗೆ ಬಾಲ, ಮತ್ತೊಬ್ಬನಿಗೆ ರೆಕ್ಕೆ. ಕೊನೆಗೆ ಕಂಪನಿ ಗೆದ್ದಿತು. ದುಡ್ಡು ಉಳಿಯಿತು. ಆದರೆ ಎಕ್ಸ್-ಮೆನ್ ಓದಿ ಬೆಳೆದವರಿಗೆ ಹೊಟ್ಟೆ ಉರಿದುಹೋಯಿತು. ಯಾಕಂದ್ರೆ ಆ ಕಥೆಯ ಜೀವಾಳವೇ ‘ನಾವು ಬೇರೆ ಥರ ಹುಟ್ಟಿರಬಹುದು, ಆದರೆ ನಾವೂ ಮನುಷ್ಯರೇ’ ಅನ್ನೋದು. ಅದೇ ಪಾತ್ರಗಳನ್ನು ಮಾರುವವರು ಕೋರ್ಟಲ್ಲಿ ನಿಂತು ಅದರ ಉಲ್ಟಾ ವಾದಿಸಿದರು!

ಈ ವ್ಯಾಪಾರದಲ್ಲಿ ಹೆಸರಿನ ಆಟ ಹುಟ್ಟಿನಿಂದಲೇ ಇದೆ. 1964ರಲ್ಲಿ ಹಾಸ್‌ಬ್ರೋ ಕಂಪನಿ ಸುಮಾರು ಒಂದಡಿ ಎತ್ತರದ ಸೈನಿಕನನ್ನು ಮಾರುಕಟ್ಟೆಗೆ ಬಿಟ್ಟಿತು, ಜಿ.ಐ. ಜೋ. ಬಟ್ಟೆ ತೊಡಿಸೋದು, ಕೈಕಾಲು ಆಡಿಸೋದು, ಎಲ್ಲ ಬಾರ್ಬಿ ಥರಾನೇ. ಆದರೆ ಗೊಂಬೆ ಅಂದರೆ ಯಾವ ಅಪ್ಪ ತನ್ನ ಮಗನಿಗೆ ಕೊಡಿಸ್ತಾನೆ? ಅದಕ್ಕೇ ‘ಆಕ್ಷನ್ ಫಿಗರ್’ ಅಂತ ಹೊಸ ಹೆಸರಿಟ್ಟರು. ವಸ್ತು ಅದೇ, ಹೆಸರು ಬೇರೆ, ಅಪ್ಪಂದಿರ ಜೇಬು ತೆರೆಯಿತು. ಈಗ ಅದೇ ವಸ್ತುವಿಗೆ ಮೂರನೇ ಹೆಸರು ಬಂದಿದೆ, ‘ಕಲೆಕ್ಟಿಬಲ್’. ಈ ಸಲ ತೆರೆದುಕೊಳ್ಳುತ್ತಿರೋದು ಮಗನ ಜೇಬು.

ಈ ವಿಷಯ ಯಾಕೆ ತೆಗೆದೆ ಅಂದರೆ, ದಾವಣಗೆರೆಯಿಂದ ಒಬ್ಬ ತಾಯಿ ನಮ್ಮ ಚಾನೆಲ್‌ಗೆ ಪತ್ರ ಬರೆದಿದ್ದರು. ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ರೂಮಿಗೆ ಹೋಗಿ ನೋಡಿದರೆ ಗೋಡೆ ತುಂಬ ಬ್ಯಾಟ್‌ಮ್ಯಾನ್, ಸ್ಪೈಡರ್‌ಮ್ಯಾನ್, ಐರನ್‌ಮ್ಯಾನ್. ಎಷ್ಟಾಯ್ತಪ್ಪಾ ಅಂತ ಕೇಳಿದರೆ, ಸುಮಾರು ಎರಡು ಲಕ್ಷ ಅಂದನಂತೆ. ಊರಲ್ಲಿ ಮನೆ ರಿಪೇರಿಗೆ ಅಪ್ಪ ದುಡ್ಡು ಕೇಳಿದಾಗ, ‘ಈಗಿಲ್ಲ, ಆದರೆ ಇದೂ ಎಫ್‌ಡಿ ಇದ್ದಂಗೇನೇ ಅಮ್ಮ, ವರ್ಷ ಹೋದಂಗೆ ರೇಟು ಏರುತ್ತೆ’ ಅಂದನಂತೆ. ಆ ತಾಯಿಯ ಪ್ರಶ್ನೆ ಒಂದೇ ಸಾಲಿನದ್ದು: ಇದು ಆಸ್ತಿನಾ, ಆಟಿಕೆನಾ?

ಗೊಂಬೆಯೋ ಆಟಿಕೆಯೋ ಅಂತ ಹೇಳೋಕೆ ಅಮೆರಿಕದ ಕೋರ್ಟಿಗೇ ವರ್ಷಗಳು ಬೇಕಾದವು. ಆಸ್ತಿಯೋ ಆಟಿಕೆಯೋ ಅನ್ನೋದನ್ನ ನಾವು ಇವತ್ತು ಸ್ವಲ್ಪ ಬಿಡಿಸಿ ನೋಡೋಣ. ಮೊದಲೇ ಒಂದು ಮಾತು. ಇಲ್ಲಿ ಎರಡು ಪ್ರಶ್ನೆ ಇವೆ, ಜನ ಎರಡನ್ನೂ ಕಲಸಿಬಿಡ್ತಾರೆ. ಈ ಫಿಗರ್ ಚೆನ್ನಾಗಿ ಮಾಡಿದ್ದಾರಾ ಅನ್ನೋದು ಒಂದು. ನಾಳೆ ಇದಕ್ಕೆ ಬೆಲೆ ಬರುತ್ತಾ ಅನ್ನೋದು ಇನ್ನೊಂದು. ಅದ್ಭುತವಾಗಿ ಮಾಡಿದ್ದಕ್ಕೆ ಬೆಲೆ ಬರದೇ ಇರಬಹುದು. ಪೆದ್ದುಪೆದ್ದಾಗಿ ಮಾಡಿದ್ದಕ್ಕೆ ಲಕ್ಷ ಬರಬಹುದು.

ಮೊದಲು ಗುಣಮಟ್ಟ. ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ಯಾವ ಫಿಗರ್ ಕೈಗೆ ಬಂದರೂ ಮುಖಕ್ಕಿಂತ ಮೊದಲು ಅದರ ಪಕ್ಕೆ ನೋಡ್ತೀನಿ. ಯಾಕೆ ಅಂದ್ರೆ, ಸಂಕ್ರಾಂತಿಗೆ ಮನೆಯಲ್ಲಿ ಸಕ್ಕರೆ ಅಚ್ಚು ಮಾಡೋದನ್ನ ನೆನಪು ಮಾಡಿಕೊಳ್ಳಿ. ಮರದ ಅಚ್ಚಿನ ಹೋಳುಗಳನ್ನು ಜೋಡಿಸಿ, ರಬ್ಬರ್ ಬ್ಯಾಂಡ್ ಬಿಗಿದು, ಬಿಸಿ ಪಾಕ ಹುಯ್ಯುತ್ತಾರೆ. ಆರಿದ ಮೇಲೆ ಬಿಚ್ಚಿದರೆ ಆನೆ, ಗಿಳಿ, ತುಳಸಿಕಟ್ಟೆ. ಆದರೆ ಎರಡು ಹೋಳು ಸೇರಿದ ಕಡೆ ಒಂದು ಗೆರೆ ಉಳಿದಿರುತ್ತೆ ನೋಡಿ. ಅಚ್ಚು ಸರಿಯಾಗಿ ಕೂತಿಲ್ಲದಿದ್ದರೆ ಅಲ್ಲಿಂದ ಪಾಕ ಸೋರಿ ತೆಳ್ಳಗೆ ಅಂಚು ಮೂಡಿರುತ್ತೆ. ಆಕ್ಷನ್ ಫಿಗರ್ ಕೂಡ ಇದೇ. ಮರದ ಬದಲು ಉಕ್ಕಿನ ಅಚ್ಚು, ಸಕ್ಕರೆ ಪಾಕದ ಬದಲು ಕರಗಿದ ಪ್ಲಾಸ್ಟಿಕ್, ಅಜ್ಜಿಯ ಕೈ ಬದಲು ಇಂಜೆಕ್ಷನ್ ಮೋಲ್ಡಿಂಗ್ ಯಂತ್ರ. ಗೆರೆ ಮಾತ್ರ ತಪ್ಪಲ್ಲ. ಒಳ್ಳೆ ಕಂಪನಿ ಆ ಗೆರೆಯನ್ನು ಬಟ್ಟೆಯ ಮಡಿಕೆಯಲ್ಲೋ, ಕೈಯ ಒಳಬದಿಯಲ್ಲೋ ಅಡಗಿಸುತ್ತೆ. ಕಳಪೆ ಮಾಲಿನಲ್ಲಿ ಅದು ಕೆನ್ನೆ ಮೇಲೇ ಓಡುತ್ತಿರುತ್ತೆ. ಬೆರಳಲ್ಲಿ ಸವರಿದರೆ ಅಂಚು ಚುಚ್ಚುತ್ತೆ.

ಇನ್ನೊಂದು ವಿಷಯ ಅಚ್ಚಿನಿಂದಲೇ ಬರುತ್ತೆ. ಉಕ್ಕಿನ ಅಚ್ಚು ಕೊರೆಸೋದು ಭಾರೀ ಖರ್ಚಿನ ಕೆಲಸ, ಪ್ಲಾಸ್ಟಿಕ್‌ಗಿಂತ ಎಷ್ಟೋ ಪಾಲು ಹೆಚ್ಚು. ಹಾಗಾಗಿ ಕಂಪನಿಗಳು ಒಂದು ಮೈಕಟ್ಟನ್ನು ಅಚ್ಚು ಮಾಡಿಸಿ ಹತ್ತು ಪಾತ್ರಕ್ಕೆ ಬಳಸ್ತಾರೆ. ತಲೆ ಬದಲು, ಬಣ್ಣ ಬದಲು, ಹೊಸ ಹೀರೋ ರೆಡಿ. ಇದರಲ್ಲಿ ಮೋಸ ಇಲ್ಲ, ಬಿಗಿ ಉಡುಪಿನ ಪಾತ್ರಗಳಿಗೆ ಇದು ನಡೆಯುತ್ತೆ. ಆದರೆ ನೀವು ಕೊಡುವ ದುಡ್ಡು ಹೊಸ ಅಚ್ಚಿಗೋ, ಹಳೇ ಮೈಗೆ ಹೊಸ ಬಣ್ಣಕ್ಕೋ ಅಂತ ತಿಳಿದು ಕೊಡಬೇಕು. ಎರಡು ಪಾತ್ರ ಪಕ್ಕಪಕ್ಕ ಇಟ್ಟು ಎದೆಯ ಸ್ನಾಯು, ಮೊಣಕಾಲು, ಮುಷ್ಟಿ ಹೋಲಿಸಿ. ಒಂದೇ ನಿಮಿಷದಲ್ಲಿ ಗೊತ್ತಾಗುತ್ತೆ.

ಬಣ್ಣಕ್ಕೆ ಬಂದರೆ ಕಣ್ಣು ನೋಡಿ. ಆರು ಇಂಚಿನ ಫಿಗರ್‌ನ ಕಣ್ಣುಗುಡ್ಡೆ ಸಾಸಿವೆ ಕಾಳಿಗಿಂತ ಚಿಕ್ಕದು. ಅದು ಕೂದಲೆಳೆಯಷ್ಟು ಆಚೀಚೆ ಹೋದರೂ ಸೂಪರ್‌ಮ್ಯಾನ್ ಮಾಲುಗಣ್ಣನಾಗ್ತಾನೆ. ಈಗ ದೊಡ್ಡ ಕಂಪನಿಗಳು ಮುಖಕ್ಕೆ ಬಣ್ಣ ಬಳಿಯದೆ ಡಿಜಿಟಲ್ ಪ್ರಿಂಟ್ ಹಾಕ್ತಾರೆ, ಇಂಕ್‌ಜೆಟ್ ಥರ ಸಣ್ಣಸಣ್ಣ ಚುಕ್ಕಿಗಳಲ್ಲಿ. ದೂರದಿಂದ ಫೋಟೋ ತೆಗೆದಂಗೆ ಕಾಣುತ್ತೆ. ಆದರೆ ಪ್ರಿಂಟ್ ಒಂಚೂರು ಜಾರಿದರೆ ಹುಬ್ಬು ಹಣೆಗೆ ಹೋಗುತ್ತೆ. ಒಂದೇ ಡಬ್ಬಿ, ಒಂದೇ ಬೆಲೆ, ಆದರೆ ಸಾಲಾಗಿ ತೂಗುಹಾಕಿರೋ ನಾಲ್ಕರಲ್ಲಿ ನಾಲ್ಕೂ ಮುಖ ಬೇರೆ ಬೇರೆ. ಅಂಗಡಿಯಲ್ಲಿ ನಿಂತು ಆರಿಸಿಕೊಳ್ಳೋಕೆ ನಾಚಬೇಡಿ. ತರಕಾರಿ ಹಾಗೇ ತಾನೇ ತರೋದು?

ಆಮೇಲೆ ಕೀಲುಗಳು. ಡಬ್ಬಿ ಮೇಲೆ ‘30ಕ್ಕೂ ಹೆಚ್ಚು ಕೀಲು’ ಅಂತ ಬರೆದಿರುತ್ತಾರೆ. ಸಂಖ್ಯೆ ನೋಡಿ ಮರುಳಾಗಬೇಡಿ. ನನ್ನ ಪ್ರಕಾರ ಕೇಳಬೇಕಾದ್ದು ಎರಡೇ. ಒಂಟಿ ಕಾಲಲ್ಲಿ ಆಧಾರ ಇಲ್ಲದೆ ನಿಲ್ಲುತ್ತಾ? ತೋಳನ್ನು ಅಡ್ಡಕ್ಕೆ ಎತ್ತಿ ಬಿಟ್ಟರೆ ಅಲ್ಲೇ ಉಳಿಯುತ್ತಾ, ಜೋತುಬೀಳುತ್ತಾ? ಪಾದದ ಕೀಲು ಸಡಿಲ ಇದ್ದರೆ ಉಳಿದ ಇಪ್ಪತ್ತೊಂಬತ್ತು ಕೀಲು ಇದ್ದೂ ಪ್ರಯೋಜನ ಇಲ್ಲ. ಹೊಸದರಲ್ಲಿ ಕೀಲು ಬಿಗಿಯಾಗಿದ್ದರೆ ಬಲ ಹಾಕಿ ತಿರುಗಿಸಬೇಡಿ, ಒಳಗಿನ ಕಡ್ಡಿ ಮುರಿಯುತ್ತೆ. ಬಿಸಿ ನೀರಲ್ಲಿ ಸ್ವಲ್ಪ ಹೊತ್ತು ಅದ್ದಿ, ಪ್ಲಾಸ್ಟಿಕ್ ಮೆತ್ತಗಾಗುತ್ತೆ, ಆಮೇಲೆ ತಿರುಗಿಸಿ. ಡಬ್ಬಿಯಲ್ಲಿ ಬಗ್ಗಿಹೋದ ಕತ್ತಿ, ಗದೆಗಳಿಗೂ ಇದೇ ಮದ್ದು. ಬಿಸಿ ನೀರಲ್ಲಿ ನೆಟ್ಟಗೆ ಮಾಡಿ ತಣ್ಣೀರಲ್ಲಿ ಅದ್ದಿದರೆ ಹಾಗೇ ನಿಲ್ಲುತ್ತೆ.

ಅಂಗಡಿಯವರು ಎಂದೂ ಹೇಳದ ಒಂದು ಮಾತು ಇದೆ. ಪ್ಲಾಸ್ಟಿಕ್‌ಗೂ ವಯಸ್ಸಾಗುತ್ತೆ. ಪ್ಲಾಸ್ಟಿಕ್ ಮಣ್ಣಲ್ಲಿ ಕರಗಲ್ಲ ಅಂತ ಶಾಲೆಯಲ್ಲಿ ಓದಿದ್ದೀವಿ, ಅದು ನಿಜ. ಹಾಗಂತ ಕಪಾಟಿನಲ್ಲಿ ಚೆಂದವಾಗಿ ಉಳಿಯುತ್ತೆ ಅಂತ ಅಲ್ಲ. ಫಿಗರ್‌ನ ಮೆತ್ತಗಿನ ಭಾಗಗಳು ಹೆಚ್ಚಾಗಿ ಪಿವಿಸಿ. ಪಿವಿಸಿ ಹುಟ್ಟಾ ಗಟ್ಟಿ, ಅದನ್ನು ಬಾಗುವಂತೆ ಮಾಡೋಕೆ ಎಣ್ಣೆಯಂಥ ರಾಸಾಯನಿಕ ಸೇರಿಸ್ತಾರೆ. ವರ್ಷಗಳು ಕಳೆದಂತೆ ಅದು ಮೆಲ್ಲಗೆ ಹೊರಗೆ ಜಿನುಗುತ್ತೆ. ಮುಟ್ಟಿದರೆ ಬೆಲ್ಲ ಹಚ್ಚಿದಂಗೆ ಅಂಟಂಟು. ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಟ್ಟರೆ ಇನ್ನೂ ಕಷ್ಟ. ಮಗುವಿನಷ್ಟು ಜೋಪಾನವಾಗಿ ಸುತ್ತಿಟ್ಟವರದ್ದೇ ಬೇಗ ಅಂಟಾಗೋದು ನೋಡಿದ್ದೀನಿ. ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪು ಸಾಕು, ಆದರೆ ಮತ್ತೆ ಬರುತ್ತೆ. ಇನ್ನು ಬಿಳಿ ಭಾಗಗಳು, ಪಾರದರ್ಶಕ ಮುಚ್ಚಳ ಬಿಸಿಲಿಗೆ ಹಳದಿಯಾಗ್ತವೆ. ಕಿಟಕಿ ಪಕ್ಕದ ಶೋಕೇಸ್ ಅಂದರೆ ನಿಧಾನ ವಿಷ.

ದೊಡ್ಡ ದುಡ್ಡಿನ ಫಿಗರ್‌ಗಳದ್ದು ಬೇರೆಯದೇ ಕಥೆ. ಹಾಂಗ್‌ಕಾಂಗ್‌ನ ಹಾಟ್ ಟಾಯ್ಸ್‌ನಂಥ ಕಂಪನಿಗಳು ಆರರಲ್ಲಿ ಒಂದರ ಅಳತೆಯಲ್ಲಿ, ಅಂದರೆ ಸುಮಾರು ಒಂದಡಿ ಎತ್ತರದಲ್ಲಿ, ನಿಜವಾದ ಬಟ್ಟೆ ತೊಡಿಸಿ, ನಟನ ಚರ್ಮದ ರಂಧ್ರವೂ ಕಾಣುವ ಹಾಗೆ ಮಾಡ್ತಾರೆ. ಕೈಗೆಲಸದಲ್ಲಿ ಇವಕ್ಕೆ ಸಾಟಿ ಕಡಿಮೆ. ಆದರೆ ಆ ಪುಟ್ಟ ಜಾಕೆಟ್, ಸೂಟುಗಳಲ್ಲಿ ಎಷ್ಟೋ ನಿಜವಾದ ಚರ್ಮದ್ದಲ್ಲ, ಪಾಲಿಯುರೆಥೇನ್ ಹೊದಿಕೆ. ಇದು ಗಾಳಿಯ ತೇವದ ಜೊತೆ ಸೇರಿ ಒಳಗಿಂದಲೇ ಒಡೆಯುತ್ತೆ. ಮದುವೆಗೆ ಅಂತ ಕೊಂಡ ಶೂ ಬೀರುವಿನಲ್ಲೇ ಇದ್ದು, ಮೂರ್ನಾಲ್ಕು ವರ್ಷದ ಮೇಲೆ ಹಾಕಿಕೊಂಡ ದಿನ ಅಡಿಭಾಗ ಪುಡಿಪುಡಿಯಾಗಿ ಉದುರೋದು ನೋಡಿದ್ದೀರಲ್ಲ? ಅದೇ ಕಾಯಿಲೆ. ಬಳಸಿದ್ದಕ್ಕೆ ಹಾಳಾಗಿದ್ದಲ್ಲ, ಸುಮ್ಮನೆ ಇದ್ದಿದ್ದಕ್ಕೆ ಹಾಳಾಗಿದ್ದು. ಮಂಗಳೂರು, ಉಡುಪಿ, ಕಾರವಾರದ ತೇವದಲ್ಲಿ ಇರುವವರು ಇದನ್ನು ನೆನಪಿಟ್ಟುಕೊಂಡೇ ಕೊಳ್ಳಬೇಕು. ನಲವತ್ತು ಸಾವಿರ ಕೊಟ್ಟ ಬ್ಯಾಟ್‌ಮ್ಯಾನ್‌ನ ಮೈಮೇಲಿನ ಸೂಟು ಹಪ್ಪಳದಂತೆ ಬಿರುಕು ಬಿಟ್ಟರೆ ಅದಕ್ಕೆ ಹೊಲಿಗೆ ಹಾಕೋ ದರ್ಜಿ ಇಲ್ಲ.

ಸರಿ, ಈಗ ಬೆಲೆ.

1972ರಲ್ಲಿ ಅಮೆರಿಕದ ಮೀಗೋ ಅನ್ನೋ ಕಂಪನಿ ಎಂಟು ಇಂಚಿನ ಸೂಪರ್ ಹೀರೋಗಳನ್ನು ತಂದಿತು. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ರಾಬಿನ್, ಆಕ್ವಾಮ್ಯಾನ್. ಎಲ್ಲರಿಗೂ ಒಂದೇ ಮೈ, ತಲೆ ಮತ್ತು ಬಟ್ಟೆ ಮಾತ್ರ ಬೇರೆ. ಇವತ್ತಿನ ಕಣ್ಣಲ್ಲಿ ನೋಡಿದರೆ ಮಕ್ಕಳ ನಾಟಕದ ವೇಷದ ಥರ ಇವೆ. ಮೊದಮೊದಲ ಬ್ಯಾಟ್‌ಮ್ಯಾನ್‌ನ ಮುಖವಾಡ ಕಳಚಿ ಹಾಕಬಹುದಿತ್ತು. ಆಮೇಲೆ ಕಂಪನಿ ಅದನ್ನು ಬಿಟ್ಟು ಮುಖವಾಡ ತಲೆಗೇ ಅಂಟಿರುವಂತೆ ಅಚ್ಚು ಹಾಕಿತು. ಈಗ ಆ ಕಳಚುವ ಮುಖವಾಡದ ಬ್ಯಾಟ್‌ಮ್ಯಾನ್‌ಗೆ ಬೇರೆಯದೇ ಬೆಲೆ. 1974ರಲ್ಲಿ ಮಾಂಟ್ಗೊಮೆರಿ ವಾರ್ಡ್ ಅನ್ನೋ ಅಂಗಡಿ ಸರಣಿಗೆ ಮಾತ್ರ ಅಂತ ಮೀಗೋ ನಾಲ್ಕು ಫಿಗರ್ ಮಾಡಿಕೊಟ್ಟಿತ್ತು: ಕ್ಲಾರ್ಕ್ ಕೆಂಟ್, ಬ್ರೂಸ್ ವೇಯ್ನ್, ಡಿಕ್ ಗ್ರೇಸನ್, ಪೀಟರ್ ಪಾರ್ಕರ್. ಅಂದರೆ ವೇಷ ಹಾಕದ ಹೀರೋಗಳು, ಸಾದಾ ಪ್ಯಾಂಟು ಶರ್ಟು. ಯಾವ ಹುಡುಗನಿಗೆ ಬೇಕು ಕೋಟು ಹಾಕಿಕೊಂಡ ವರದಿಗಾರ? ವರದಿಗಾರನಾಗಿ ಇದನ್ನು ಹೇಳೋಕೆ ನನಗೂ ಬೇಜಾರೇ. ಇವತ್ತು ಮೀಗೋ ಸಂಗ್ರಾಹಕರು ತುದಿಗಾಲಲ್ಲಿ ನಿಂತು ಹುಡುಕೋದು ಆ ನಾಲ್ಕನ್ನೇ.

1984ರಲ್ಲಿ ಕೆನ್ನರ್ ಕಂಪನಿ ಡಿಸಿ ಕಾಮಿಕ್ಸ್ ಪಾತ್ರಗಳ ‘ಸೂಪರ್ ಪವರ್ಸ್’ ಸರಣಿ ತಂದಿತು. ಸೂಪರ್‌ಮ್ಯಾನ್‌ನ ಎರಡೂ ಕಾಲು ಹಿಡಿದು ಒತ್ತಿದರೆ ಕೈ ಗುದ್ದುತ್ತಿತ್ತು. ಮಕ್ಕಳು ಬಿಡ್ತಾರಾ? ಒತ್ತಿ ಒತ್ತಿ ಒಳಗಿನ ಯಂತ್ರ ಸತ್ತುಹೋಯಿತು. ಬಟ್ಟೆಯ ಕೇಪು ಹರಿಯಿತು. ಗ್ರೀನ್ ಲ್ಯಾಂಟರ್ನ್‌ನ ಪುಟ್ಟ ಲಾಟೀನು, ಪೆಂಗ್ವಿನ್‌ನ ಕೊಡೆ, ಆಕ್ವಾಮ್ಯಾನ್‌ನ ತ್ರಿಶೂಲ ಸೋಫಾ ಸಂದಿ ಸೇರಿದವು. 1986ರ ಹೊತ್ತಿಗೆ ಮಾರಾಟ ಕುಸಿದು ಸರಣಿಯೇ ನಿಂತಿತು. ಆ ಕೊನೆಯ ಕಂತಿನಲ್ಲಿ ಬಂದ ಸೈಬೋರ್ಗ್ ಅಂಗಡಿಗೆ ಬಂದಿದ್ದೇ ಕಡಿಮೆ, ಈಗ ಇಡೀ ಸರಣಿಯಲ್ಲಿ ಸಿಗೋಕೆ ಕಷ್ಟವಾದವರಲ್ಲಿ ಅವನೊಬ್ಬ.

ಇದರಲ್ಲಿ ಎಲ್ಲಾದರೂ ‘ಲಿಮಿಟೆಡ್ ಎಡಿಷನ್’ ಅನ್ನೋ ಮಾತು ಬಂತಾ? ಬರಲಿಲ್ಲ. ಇವನ್ನು ಯಾರೂ ಕೂಡಿಡಲಿಲ್ಲ. ಮುರಿದರು, ಕಳೆದರು, ಅಮ್ಮಂದಿರು ಗುಜರಿಗೆ ಹಾಕಿದರು. ಉಳಿದಿದ್ದು ಕೈಬೆರಳೆಣಿಕೆ. ಆ ಹುಡುಗರು ಬೆಳೆದು ಸಂಬಳ ಎಣಿಸೋ ಕಾಲಕ್ಕೆ ಅವರಿಗೆ ತಮ್ಮ ಬಾಲ್ಯ ವಾಪಸ್ ಬೇಕಿತ್ತು. ಬೇಕಾದವರು ಬಹಳ, ಇರೋದು ಕೆಲವೇ. ಬೆಲೆ ಬಂದಿದ್ದು ಹಾಗೆ.

ಈಗ ಇದರ ಉಲ್ಟಾ ನೋಡಿ. ಈ ಬೆಲೆಗಳ ಸುದ್ದಿ ಹಬ್ಬಿದ ಮೇಲೆ, 1992ರಲ್ಲಿ ಡಿಸಿ ಕಾಮಿಕ್ಸ್ ಸೂಪರ್‌ಮ್ಯಾನ್ ಸಾಯುವ ಸಂಚಿಕೆಯನ್ನು ಕಪ್ಪು ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಮಾರಿತು. ಜನ ಕ್ಯೂ ನಿಂತು, ಓದೋಕೆ ಒಂದು, ಎತ್ತಿಡೋಕೆ ಎರಡು ಅಂತ ಕೊಂಡರು. ಲಕ್ಷಗಟ್ಟಲೆ ಪ್ರತಿ ಇವತ್ತಿಗೂ ಕವರ್ ಹರಿಯದೆ ಹಾಗೇ ಇವೆ. ಎಲ್ಲರ ಹತ್ತಿರವೂ ಇರೋದನ್ನ ಯಾರು ದುಡ್ಡು ಕೊಟ್ಟು ಕೊಳ್ತಾರೆ? 1995ರಿಂದ ಕೆನ್ನರ್ ಮತ್ತೆ ತಂದ ಸ್ಟಾರ್ ವಾರ್ಸ್ ಫಿಗರ್‌ಗಳದ್ದೂ ಇದೇ ಗತಿ. 1978ರವು ಚಿನ್ನವಾದವು ಅಂತ ಕೇಳಿದ್ದ ದೊಡ್ಡವರು ಇವನ್ನು ರಟ್ಟಿನ ಪೆಟ್ಟಿಗೆ ಸಮೇತ ಕೊಂಡು ಅಟ್ಟಕ್ಕೆ ಏರಿಸಿದರು. ಮೂವತ್ತು ವರ್ಷ ಆಯ್ತು. ಇವತ್ತಿಗೂ ಅವುಗಳಲ್ಲಿ ಬಹುಪಾಲು ಅಂದಿನ ಬೆಲೆಯ ಆಸುಪಾಸಿನಲ್ಲೇ ಒದ್ದಾಡ್ತಿವೆ. ಬೆಲೆಯೇರಿಕೆ ಲೆಕ್ಕ ಹಾಕಿದರೆ ನಷ್ಟ.

ಹಾಗಾಗಿ ಡಬ್ಬಿ ಮೇಲೆ ‘ಕಲೆಕ್ಟಿಬಲ್’ ಅಂತ ಅಚ್ಚಾಗಿದ್ದರೆ ನಾನು ಅದನ್ನು ಹೀಗೆ ಓದ್ತೀನಿ: ಇದನ್ನು ಯಾರೂ ಎಸೆಯೋದಿಲ್ಲ. ಎಸೆಯದಿದ್ದರೆ ಅಪರೂಪ ಆಗೋದು ಹೇಗೆ?

ಟಿವಿಯವರಿಗೆ ಇನ್ನೊಂದು ಥರದ ಸುದ್ದಿ ಇಷ್ಟ. 2024ರಲ್ಲಿ ಸ್ಟಾರ್ ವಾರ್ಸ್‌ನ ಬೋಬಾ ಫೆಟ್ ಫಿಗರ್ ಒಂದು ಅಮೆರಿಕದ ಹರಾಜಿನಲ್ಲಿ 5,25,000 ಡಾಲರ್‌ಗೆ ಹೋಯಿತು. ನಮ್ಮ ಲೆಕ್ಕದಲ್ಲಿ ನಾಲ್ಕು ಕೋಟಿಗೂ ಮೇಲೆ. ‘ಬೊಂಬೆಗೆ ನಾಲ್ಕು ಕೋಟಿ!’ ಅಂತ ಪರದೆ ಕೆಳಗೆ ಓಡಿಸಿದರೆ ಯಾರು ನೋಡಲ್ಲ ಹೇಳಿ? ಆದರೆ ಆ ಬೊಂಬೆ ಯಾವ ಅಂಗಡಿಯಲ್ಲೂ ಮಾರಾಟಕ್ಕೆ ಬಂದೇ ಇರಲಿಲ್ಲ. ಬೆನ್ನಿಂದ ಸಣ್ಣ ರಾಕೆಟ್ ಹಾರಿಸುವ ಹಾಗೆ ಕಂಪನಿ ಅದನ್ನು ವಿನ್ಯಾಸ ಮಾಡಿ, ಮಕ್ಕಳ ಗಂಟಲಿಗೆ ಸಿಕ್ಕೀತು ಅಂತ ಕೈಬಿಟ್ಟಿತ್ತು. ಉಳಿದಿದ್ದು ಕಾರ್ಖಾನೆಯ ಪರೀಕ್ಷೆಯ ಮಾದರಿಗಳು ಮಾತ್ರ. ಅದನ್ನು ನೋಡಿಕೊಂಡು ಅಂಗಡಿಯಲ್ಲಿ ಇವತ್ತು ಸಿಗುವ ಬೋಬಾ ಫೆಟ್ ಕೊಳ್ಳೋದು, ಕೋಹಿನೂರಿನ ಬೆಲೆ ಕೇಳಿ ಗಾಜಿನ ಹರಳು ಕೊಂಡಂಗೆ.

ಹಳೇ ಫಿಗರ್ ಎದುರಿಗೆ ಬಂದರೆ ಏನು ನೋಡಬೇಕು? ಮೊದಲಿಗೆ ಪೂರ್ತಿ ಇದೆಯಾ ಅನ್ನೋದು. ಪೆಂಗ್ವಿನ್ ಇದ್ದು ಕೊಡೆ ಇಲ್ಲದಿದ್ದರೆ ಬೆಲೆ ಅರ್ಧಕ್ಕಿಂತ ಕೆಳಗೆ ಇಳಿಯಬಹುದು, ಕೆಲವು ಸಲ ಬೆರಳುದ್ದದ ಕೊಡೆಗೇ ಫಿಗರ್‌ಗಿಂತ ಜಾಸ್ತಿ ಬೇಡಿಕೆ. ಹಾಗಾಗಿಯೇ ಕೊಡೆಗಳ, ಕತ್ತಿಗಳ, ಕೇಪುಗಳ ನಕಲು ಮಾಡೋ ದಂಧೆ ಹುಟ್ಟಿಕೊಂಡಿದೆ. ಅಸಲಿಯ ಪಕ್ಕ ಇಟ್ಟು ನೋಡಿದರೆ ನಕಲಿನ ಅಂಚು ಮೊಂಡಾಗಿರುತ್ತೆ, ಹೊಳಪು ಬೇರೆ, ಅಳತೆ ಕೂದಲೆಳೆ ಚಿಕ್ಕದು. ಯಾಕೆ ಚಿಕ್ಕದು? ಅಸಲಿಯಿಂದಲೇ ಅಚ್ಚು ತೆಗೆದು ಅದರಲ್ಲಿ ಎರಕ ಹೊಯ್ದಾಗ ಆರುವಾಗ ಒಂಚೂರು ಕುಗ್ಗುತ್ತೆ. ನಕಲಿನ ನಕಲು ಇನ್ನೂ ಕುಗ್ಗುತ್ತೆ.

ಬೆನ್ನ ಮೇಲೋ ಕಾಲಿನ ಹಿಂದೋ ಕೊರೆದಿರುವ ಇಸವಿ ನೋಡಿ ಎಷ್ಟೋ ಜನ ಬೇಸ್ತು ಬೀಳ್ತಾರೆ. ಅದು ಸಾಮಾನ್ಯವಾಗಿ ಹಕ್ಕುಸ್ವಾಮ್ಯದ ಇಸವಿ, ಅದೇ ಅಚ್ಚಿನಿಂದ ಹತ್ತು ವರ್ಷ ಬಿಟ್ಟು ತೆಗೆದ ಫಿಗರ್ ಮೇಲೂ ಅದೇ ಇಸವಿ ಇರುತ್ತೆ. ಮನೆ ಬಾಗಿಲ ಮೇಲೆ ‘1950’ ಅಂತಿದ್ದರೆ ಒಳಗಿನ ಫ್ರಿಜ್ಜು 1950ರದ್ದಾಗಲ್ಲ, ಅಲ್ವಾ?

ಡಬ್ಬಿ ತೆರೆಯದೆ ಇದ್ದರೆ ಬೆಲೆ ಹೆಚ್ಚು, ಒಪ್ಪಿದೆ. ಆದರೆ ತೆರೆದು ಮತ್ತೆ ಅಂಟಿಸಿದ್ದಾರಾ ನೋಡಿ. ರಟ್ಟಿನ ಮೇಲೆ ಪ್ಲಾಸ್ಟಿಕ್ ಗುಳ್ಳೆ ಅಂಟಿರುವ ಅಂಚಿನಲ್ಲಿ ಗೋಂದು ಎರಡು ಬಗೆ ಕಂಡರೆ, ರಟ್ಟಿನ ಪದರ ಎದ್ದಿದ್ದರೆ ಹುಷಾರು. ಅಮೆರಿಕದಲ್ಲಿ ಆಕ್ಷನ್ ಫಿಗರ್ ಅಥಾರಿಟಿ ಅನ್ನೋ ಸಂಸ್ಥೆ ಇವನ್ನೆಲ್ಲ ಪರೀಕ್ಷಿಸಿ, ನೂರಕ್ಕೆ ಇಷ್ಟು ಅಂತ ಅಂಕ ಕೊಟ್ಟು, ಗಟ್ಟಿ ಅಕ್ರಿಲಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕೊಡುತ್ತೆ. ಎಪ್ಪತ್ತು ಎಂಬತ್ತರ ದಶಕದ ಬೆಲೆಬಾಳುವ ಮಾಲಿಗೆ ಇದರಿಂದ ನಿಜವಾಗಿ ಉಪಯೋಗ ಇದೆ, ಕೊಳ್ಳುವವನಿಗೆ ಧೈರ್ಯ. ಆದರೆ ಹೋದ ವರ್ಷ ಅಂಗಡಿಯಲ್ಲಿ ಕೊಂಡದ್ದಕ್ಕೆ ಅಂಕ ಹಾಕಿಸೋದು, ಒಂದನೇ ಕ್ಲಾಸಿನ ಮಾರ್ಕ್ಸ್ ಕಾರ್ಡಿಗೆ ಚಿನ್ನದ ಕಟ್ಟು ಹಾಕಿಸಿದಂಗೆ.

ಬೆಲೆ ತಿಳಿಯೋಕೆ ಜನ ಇಂಟರ್‌ನೆಟ್‌ನಲ್ಲಿ ಹುಡುಕಿ, ‘ನೋಡಿ ಸಾರ್, ಒಂದು ಲಕ್ಷ ಹಾಕಿದ್ದಾರೆ’ ಅಂತಾರೆ. ಹಾಕಿದ್ದಾರೆ, ಸರಿ. ಕೊಂಡವರು ಯಾರು? ಸೈಟು ಮಾರೋಕೆ ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಹೇಳುವ ರೇಟು ಬೇರೆ, ನೋಂದಣಿಯಾಗುವ ರೇಟು ಬೇರೆ. ಇಬೇಯಲ್ಲಿ ‘ಮಾರಾಟವಾದವು’ ಅಂತ ಆರಿಸಿ ನೋಡುವ ಅವಕಾಶ ಇದೆ. ಅಲ್ಲಿ ಇರೋದಷ್ಟೇ ಬೆಲೆ. ಉಳಿದದ್ದು ಆಸೆ.

ಈಗ ದಾವಣಗೆರೆಯ ಅಮ್ಮನ ಪ್ರಶ್ನೆಗೆ ಬರ್ತೀನಿ. ನಮ್ಮ ದೇಶದಲ್ಲಿ ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಏರಿತು. 2023ರಲ್ಲಿ 70 ಆಯಿತು. ದೇಶದ ಆಟಿಕೆ ತಯಾರಕರಿಗೆ ಇದರಿಂದ ಅನುಕೂಲ ಆಗಿರಬಹುದು, ಅದು ಬೇರೆ ಚರ್ಚೆ. ಸಂಗ್ರಾಹಕನ ಲೆಕ್ಕ ಮಾತ್ರ ಹೀಗಾಗುತ್ತೆ. ಹೊರಗಿಂದ ಬರುವ ಸಾವಿರ ರೂಪಾಯಿಯ ಫಿಗರ್‌ಗೆ ಏಳುನೂರು ಸುಂಕ. ಅದರ ಮೇಲೆ ಜಿಎಸ್‌ಟಿ, ಸಾಗಣೆ, ಅಂಗಡಿಯವರ ಲಾಭ. ನಿಮ್ಮ ಮಗ ಎರಡು ಸಾವಿರಕ್ಕೂ ಮೇಲೆ ಕೊಟ್ಟು ತರ್ತಾನೆ. ಆದರೆ ಜಗತ್ತಿನ ಮಾರುಕಟ್ಟೆಯಲ್ಲಿ ಅದು ಸಾವಿರದ ವಸ್ತು. ನಾಳೆ ಅಮೆರಿಕದವನಿಗೆ ಮಾರಿದರೆ ಅವನು ನಾವು ಕಟ್ಟಿದ ಸುಂಕ ವಾಪಸ್ ಕೊಡ್ತಾನಾ? ಅಂದರೆ ಕೊಂಡ ದಿನವೇ ಅರ್ಧ ದುಡ್ಡು ಹೋಯಿತು. ಕೊಂಡ ಬೆಲೆಗೆ ಸಮ ಆಗಬೇಕಾದರೂ ಆ ಫಿಗರ್ ಅಲ್ಲಿ ಎರಡು ಪಟ್ಟು ಏರಬೇಕು. ಅಷ್ಟರೊಳಗೆ ಕಂಪನಿ ಅದೇ ಪಾತ್ರವನ್ನು ಇನ್ನೂ ಚೆನ್ನಾಗಿ ಮಾಡಿ ಮತ್ತೆ ಮಾರುಕಟ್ಟೆಗೆ ಬಿಟ್ಟಿರುತ್ತೆ, ಹಳೆಯದು ಇಳಿಯುತ್ತೆ. ಇಲ್ಲೇ ಬೆಂಗಳೂರಿನಲ್ಲಿ ಇನ್ನೊಬ್ಬ ಸಂಗ್ರಾಹಕನಿಗೆ ಮಾರಬಹುದು, ನಿಜ. ಆದರೆ ಅಂಥವರು ಎಷ್ಟು ಜನ, ನಿಮಗೆ ತುರ್ತು ಬಂದ ದಿನ ಅವರ ಹತ್ತಿರ ದುಡ್ಡು ಇರುತ್ತಾ? ಎಫ್‌ಡಿಯನ್ನು ಬ್ಯಾಂಕ್ ಮುರಿದುಕೊಡುತ್ತೆ. ಐರನ್‌ಮ್ಯಾನ್‌ನನ್ನು ಯಾವ ಬ್ಯಾಂಕೂ ಅಡ ಇಟ್ಟುಕೊಳ್ಳಲ್ಲ.

ಅಮ್ಮಾ, ಹಾಗಾಗಿ ನನ್ನ ಉತ್ತರ: ಆಟಿಕೆ. ನಿಮ್ಮ ಮಗ ದುಡಿದ ದುಡ್ಡಲ್ಲಿ ಖುಷಿಗೆ ಕೊಂಡಿದ್ದಾನೆ, ಅದರಲ್ಲಿ ತಪ್ಪೇನಿಲ್ಲ, ಕೆಲವರು ಬುಲೆಟ್ ಕೊಳ್ತಾರೆ, ಕೆಲವರು ಸೀರೆ. ಆದರೆ ಮನೆ ರಿಪೇರಿ ಲೆಕ್ಕದಲ್ಲಿ ಆ ಎರಡು ಲಕ್ಷವನ್ನು ಉಳಿತಾಯದ ಕಡೆ ಬರೆಯಬೇಡಿ, ಖರ್ಚಿನ ಕಡೆ ಬರೀರಿ. ಅವನು ವಾದ ಮಾಡಿದರೆ, ಯಾವುದಾದರೂ ಮೂರು ಫಿಗರ್ ಆರಿಸಿ ಈ ತಿಂಗಳೇ ಮಾರಿ ತೋರಿಸಪ್ಪಾ ಅನ್ನಿ. ಕೈಗೆ ಎಷ್ಟು ಬಂತು ಅನ್ನೋದೇ ಉತ್ತರ ಹೇಳುತ್ತೆ.

ಚಿಕ್ಕ ಮಕ್ಕಳಿರುವ ಮನೆಯವರಿಗೆ ಒಂದು ಮಾತು. ಸಂಗ್ರಾಹಕರ ಫಿಗರ್ ಡಬ್ಬಿಗಳ ಮೇಲೆ 14+ ಅಥವಾ 15+ ಅಂತ ಇರುತ್ತೆ. ಅದು ಹುಡುಗರ ಬುದ್ಧಿಮಟ್ಟಕ್ಕೆ ಹಾಕಿದ್ದಲ್ಲ. ನಮ್ಮಲ್ಲಿ 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಮುದ್ರೆ ಕಡ್ಡಾಯ. 14+ ಅಂದರೆ ಇದು ಮಕ್ಕಳ ಆಟಕ್ಕೆ ಅಂತ ಮಾಡಿದ್ದಲ್ಲ ಅಂತ ಕಂಪನಿಯೇ ಹೇಳಿದಂತೆ. ಆ ಸಣ್ಣ ಕತ್ತಿ, ಕಳಚುವ ಕೈಗಳು ಮೂರು ವರ್ಷದ ಮಗುವಿನ ಬಾಯಿಗೆ ಹೇಳಿ ಮಾಡಿಸಿದಂಗಿವೆ. ಮೇಲಿನ ಶೆಲ್ಫಿಗೆ ಏರಿಸಿ. ಫುಟ್‌ಪಾತಿನಲ್ಲಿ ಮುನ್ನೂರಕ್ಕೆ ಸಿಗುವ, ಗುಂಪೆಂದು ವಾಸನೆ ಹೊಡೆಯುವ ನಕಲಿ ಸ್ಪೈಡರ್‌ಮ್ಯಾನ್‌ಗೆ ಯಾವ ಮುದ್ರೆಯೂ ಇರಲ್ಲ, ಅದರ ಬಣ್ಣದಲ್ಲಿ ಏನಿದೆ ಅಂತ ಮಾಡಿದವನಿಗೇ ಗೊತ್ತಿರಲಿಕ್ಕಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ನಿಮ್ಮ ಅಟ್ಟದ ಮೇಲೆ ನಿಜಕ್ಕೂ ಏನಾದರೂ ಇದ್ದರೂ ಇರಬಹುದು. ನನ್ನ ತಲೆಮಾರಿನವರಿಗೆ ಫನ್‌ಸ್ಕೂಲ್ ನೆನಪಿರಬೇಕು. ಎಂಆರ್‌ಎಫ್ ಮತ್ತು ಹಾಸ್‌ಬ್ರೋ ಸೇರಿ ಶುರುಮಾಡಿದ ಕಂಪನಿ. ಅಮೆರಿಕದ ಜಿ.ಐ. ಜೋ ಅಚ್ಚುಗಳು ಇಲ್ಲಿಗೆ ಬಂದವು, ಕೈಯಗಲದ ಸೈನಿಕರು ಭಾರತದಲ್ಲೇ ತಯಾರಾದರು. ಈ ಜಿ.ಐ. ಜೋಗೂ ಕಾಮಿಕ್ಸ್‌ಗೂ ನಂಟಿದೆ, 1982ರಿಂದ ಮಾರ್ವೆಲ್ ಇವರ ಕಥೆ ಪ್ರಕಟಿಸುತ್ತಿತ್ತು. ನಮ್ಮ ಫ್ಯಾಕ್ಟರಿಯಲ್ಲಿ ಕೆಲವು ಸೈನಿಕರಿಗೆ ಅಮೆರಿಕದಲ್ಲಿ ಇಲ್ಲದ ಬಣ್ಣ ಬಿತ್ತು. ಆಗ ನಮಗೆ ಅದು ಗೊತ್ತೂ ಇರಲಿಲ್ಲ, ಹುಟ್ಟುಹಬ್ಬಕ್ಕೆ ಒಂದು ಸಿಕ್ಕಿದರೆ ಸಾಕಿತ್ತು. ಈಗ ಆ ಬೇರೆ ಬಣ್ಣಕ್ಕಾಗಿಯೇ ಅಮೆರಿಕದ ಸಂಗ್ರಾಹಕರು ಭಾರತದ ಜಿ.ಐ. ಜೋಗಳನ್ನು ಹುಡುಕ್ತಾರೆ.

ಸಿಕ್ಕಿದರೆ ತಕ್ಷಣ ಉಜ್ಜಿ ತೊಳೆಯಬೇಡಿ, ಬಣ್ಣ ಹೋಗುತ್ತೆ. ಫೆವಿಕ್ವಿಕ್ ಅಂತೂ ಮುಟ್ಟಲೇಬೇಡಿ. ಸೊಂಟ ಕಳಚಿ ಮೇಲರ್ಧ ಕೆಳಗರ್ಧ ಬೇರೆಯಾಗಿದ್ದರೆ ಗಾಬರಿ ಬೇಡ. ಒಳಗೆ ಒಂದು ರಬ್ಬರ್ ಉಂಗುರ ಇರುತ್ತೆ, ಅದು ಒಣಗಿ ತುಂಡಾಗೋದು ಸಹಜ. ಬೆನ್ನ ಹಿಂದಿನ ಸ್ಕ್ರೂ ಬಿಚ್ಚಿ ಹೊಸದು ಹಾಕಿದರೆ ಎದ್ದು ನಿಲ್ತಾನೆ, ಸಂಗ್ರಾಹಕರು ಅದನ್ನು ದೋಷ ಅಂತ ಲೆಕ್ಕ ಹಾಕಲ್ಲ. ನೋಡಬೇಕಾದ್ದು ಹೆಬ್ಬೆರಳು. ಬಂದೂಕು ಹಿಡಿಸಿ ತೆಗೆದು ಮಾಡಿದವರ ಕೈಯಲ್ಲಿ ಮೊದಲು ಮುರಿಯೋದು ಅದೇ. ಎರಡೂ ಹೆಬ್ಬೆರಳು ಇದ್ದು, ಬಂದೂಕೂ ಇದ್ದು, ‘ಫನ್‌ಸ್ಕೂಲ್’ ಅಂತ ಅಚ್ಚಾಗಿರುವ ರಟ್ಟೂ ಉಳಿದಿದ್ದರೆ, ನಾಲ್ಕು ಕಡೆಯಿಂದ ಫೋಟೋ ತೆಗೆದು, ಮಾರಾಟವಾದ ಬೆಲೆಗಳನ್ನು ನೋಡಿಕೊಂಡು, ಆಮೇಲೆ ಮಾತಿಗೆ ಕೂತ್ಕೊಳ್ಳಿ.